ಕಂಸದೊಳಗೆ ಕೂರಿಸಿದ ಹುಡುಗ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿದ ಮೇಲೆ ಉಳಿದವನ್ನೆಲ್ಲ ಬದಿಗಿಟ್ಟಿದ್ದೇನೆ. ಬರೆದವರು ಹಾವೇರಿ ಜಿಲ್ಲೆಯ ಹಿರಿಯರು, ವಯಸ್ಸು 64, ಪತ್ತಿನ ಸಹಕಾರ ಸಂಘವೊಂದರಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತರಾದವರು. ಅಕ್ಷರ ದುಂಡಗಿದೆ, ಎಡಕ್ಕೆ ಅಂಚು ಬಿಟ್ಟಿದ್ದಾರೆ, ಖರ್ಚಿನ ಮೊತ್ತದ ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಈ ಪತ್ರ ನನ್ನನ್ನು ಕೆಣಕಿತು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ತಂದೆಯವರೂ ಇದೇ ಅಚ್ಚಿನವರು. ಊರಿಗೆಲ್ಲ ಕೊಟ್ಟರು, ಆದರೆ ಯಾರ ಮನೆಯಲ್ಲೂ ಒಂದು ಲೋಟ ಚಹಾ ಕುಡಿಯದೆ ಹೊರಟುಹೋದರು.

ಸಂಗತಿ ಇಷ್ಟು. ಕಳೆದ ಮಳೆಗಾಲದಲ್ಲಿ ಆರು ವರ್ಷದ ಮೊಮ್ಮಗನಿಗೆ ಡೆಂಗಿ ಬಂತು. ಪ್ಲೇಟ್‌ಲೆಟ್ ಎಣಿಕೆ 11 ಸಾವಿರಕ್ಕೆ ಇಳಿದ ರಾತ್ರಿ, ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತು, ಮನೆದೇವರಾದ ವೀರಭದ್ರನಿಗೆ ಬೆಳ್ಳಿಯ ಕವಚ ಮಾಡಿಸುತ್ತೇನೆಂದು ಇವರು ಹರಕೆ ಹೊತ್ತರು. ಮಗು ಉಳಿಯಿತು. ಬಿಲ್ಲು ಕಟ್ಟುವಷ್ಟರಲ್ಲಿ ಠೇವಣಿ ಕರಗಿತ್ತು, ಬೆಳ್ಳಿಯ ದರ ಏರುತ್ತಲೇ ಇತ್ತು, ಕವಚ ಕೈಗೆ ಎಟುಕದ ಮಾತಾಯಿತು. ಮಗ ಹಣ ಕೊಡಲು ಮುಂದೆ ಬಂದರೆ ಇವರು ಬೇಡವೆಂದರು. ಏಳು ತಿಂಗಳಿಂದ ಗುಡಿಯ ಮೆಟ್ಟಿಲು ತುಳಿದಿಲ್ಲ. ಪ್ರತಿ ವರ್ಷ ಜಾತ್ರೆಯ ದಾಸೋಹಕ್ಕೆ ಒಂದು ಕ್ವಿಂಟಲ್ ಅಕ್ಕಿ ಕಳುಹಿಸುತ್ತಿದ್ದವರಿಗೆ ಈ ಸಲ ಅದೂ ಆಗಲಿಲ್ಲ. ಕೊಡದವನು ಪಂಕ್ತಿಯಲ್ಲಿ ಹೇಗೆ ಕೂರುವುದೆಂದು ಜಾತ್ರೆಯ ದಿನ ಬಾಗಿಲು ಹಾಕಿಕೊಂಡು ಮನೆಯಲ್ಲೇ ಉಳಿದರು. ಹೆಂಡತಿ ಹೋಗಿ ಪಂಕ್ತಿಯಲ್ಲಿ ಕೂತು ಉಂಡು, ಇವರಿಗೆಂದು ಡಬ್ಬಿಯಲ್ಲಿ ಗೋಧಿ ಹುಗ್ಗಿ ತಂದರೆ ಇವರು ಮುಟ್ಟಲಿಲ್ಲ. ಸಾಲ ಮಾಡಿ ಕವಚ ಮಾಡಿಸಬೇಕೆ, ಮಗನ ಹಣ ಪಡೆಯಬೇಕೆ, ಇಲ್ಲವೇ ಮಾತು ತಪ್ಪಿದವನೆಂದು ದೂರವೇ ಉಳಿಯಬೇಕೆ ಎಂಬುದು ಅವರ ಪ್ರಶ್ನೆ. ಕೊನೆಗೊಂದು ಸಾಲು ಸೇರಿಸಿದ್ದಾರೆ: ‘ಇದು ಅಹಂಕಾರವಲ್ಲ, ಆತನೆದುರು ನಿಲ್ಲಲು ನಾನು ಯೋಗ್ಯನಲ್ಲವೆಂಬ ವಿನಯ.’

ಹಿರಿಯರೇ, ಕೇಳಿದ ಪ್ರಶ್ನೆಗೆ ಉತ್ತರ ಸುಲಭ. ಸಾಲ ಮಾಡಬೇಡಿ. ಹರಕೆ ತಡವಾದರೆ ಏನು ಮಾಡಬೇಕೆಂಬುದನ್ನು ನಮ್ಮ ಹಿರಿಯರು ಎಂದೋ ಯೋಚಿಸಿಟ್ಟಿದ್ದಾರೆ. ಅರಿಸಿನದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ಮುಡಿಪೆಂದು ಜಗಲಿಯ ಮೇಲಿಡುತ್ತಾರೆ, ತಪ್ಪುಕಾಣಿಕೆ ಹಾಕಿ ಕೈಮುಗಿಯುತ್ತಾರೆ, ಅನುಕೂಲವಾದಾಗ ಆದಷ್ಟನ್ನು ಒಪ್ಪಿಸುತ್ತಾರೆ. ಮನುಷ್ಯನ ಕೈ ಸದಾ ತುಂಬಿರುವುದಿಲ್ಲ ಎಂಬುದು ಹರಕೆಯ ಪದ್ಧತಿಯನ್ನು ಕಟ್ಟಿದವರಿಗೆ ಗೊತ್ತಿತ್ತು. ಸಹಕಾರ ಸಂಘದಲ್ಲಿ ಎಷ್ಟೋ ರೈತರ ಸಾಲದ ಕಂತು ಮುಂದೂಡಿದ ನಿಮಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ನನ್ನ ಕಣ್ಣು ನಿಂತದ್ದು ಬೇರೆಡೆ. ಪತ್ರದ ಎರಡನೆಯ ಪುಟದಲ್ಲಿ, ಆವರಣ ಚಿಹ್ನೆಗಳ ನಡುವೆ, ಶಾಲೆಯ ಗಣಿತದಲ್ಲಿ ಕಂಸ ಎನ್ನುತ್ತಿದ್ದೆವಲ್ಲ, ಅದರೊಳಗೆ ನೀವು ಒಂದು ವಾಕ್ಯ ಇಟ್ಟಿದ್ದೀರಿ: ‘ತಮ್ಮನ ಹಿರಿಯ ಮಗನ ರಕ್ತದ ಗುಂಪು ಹೊಂದಿದ್ದರಿಂದ ರಾತ್ರಿಯೇ ಆತನನ್ನು ಊರಿನಿಂದ ಕರೆಸಿ ಪ್ಲೇಟ್‌ಲೆಟ್ ತೆಗೆದುಕೊಂಡರು, ತಮ್ಮನಿಗೂ ನಮಗೂ ಬಾವಿಯ ಪಾಲಿನ ವಿಷಯವಾಗಿ ಒಂಬತ್ತು ವರ್ಷದಿಂದ ಮಾತಿಲ್ಲ.’ ಬೆಳ್ಳಿಯ ತೂಕಕ್ಕೆ ಅರ್ಧ ಪುಟ ಕೊಟ್ಟವರು ಈ ಹುಡುಗನಿಗೆ ಎರಡು ಸಾಲು ಕೊಟ್ಟಿರಿ, ಅದನ್ನೂ ಕಂಸದೊಳಗೆ ಹಾಕಿ. ಕ್ರಿಯಾಪದವನ್ನು ನೋಡಿಕೊಳ್ಳಿ. ‘ಆತ ಕೊಟ್ಟ’ ಎಂದು ಬರೆಯಲು ನಿಮ್ಮ ಪೆನ್ನು ಒಪ್ಪಲಿಲ್ಲ, ವೈದ್ಯರು ‘ತೆಗೆದುಕೊಂಡರು’. ‘ಕರೆಸಿ’ ಎಂದಿದ್ದೀರಿ, ಕರೆಸಿದವರು ಯಾರೆಂದು ಹೇಳಿಲ್ಲ. ನೀವಂತೂ ಅಲ್ಲ; ನಿಮ್ಮ ಮನೆಯವರೇ ಮೂಲೆಗೆ ಹೋಗಿ ಫೋನು ಮಾಡಿರಬೇಕೆಂದು ನನ್ನ ಊಹೆ.

ಆ ರಾತ್ರಿ ಗೋಡೆಯ ಆಚೆ ಏನು ನಡೆಯಿತೆಂದು ನೀವು ಕೇಳಿ ತಿಳಿದಿರೋ ಇಲ್ಲವೋ, ನಾನೇ ಹೇಳುತ್ತೇನೆ. ಒಬ್ಬನೇ ದಾನಿಯಿಂದ ಪ್ಲೇಟ್‌ಲೆಟ್ ಪಡೆಯುವಾಗ ಬಾಟಲಿ ರಕ್ತ ಕೊಟ್ಟು ಹತ್ತು ನಿಮಿಷದಲ್ಲಿ ಎದ್ದು ಬರಲಾಗುವುದಿಲ್ಲ. ತೋಳಿನಿಂದ ಎಳೆದ ರಕ್ತ ಯಂತ್ರದೊಳಗೆ ತಿರುಗುತ್ತದೆ, ಪ್ಲೇಟ್‌ಲೆಟ್ ಬೇರೆಯಾಗುತ್ತದೆ, ಉಳಿದದ್ದು ದಾನಿಯ ಮೈಗೇ ಹಿಂದಿರುಗುತ್ತದೆ. ಹೀಗೆ ಸುತ್ತಿನ ಮೇಲೆ ಸುತ್ತು, ಒಂದರಿಂದ ಎರಡು ತಾಸು. ರಕ್ತ ಹೆಪ್ಪುಗಟ್ಟದಿರಲೆಂದು ಬೆರೆಸುವ ದ್ರಾವಣದಿಂದ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಎನ್ನುತ್ತದೆ, ಚಳಿಯಾಗುತ್ತದೆ, ಕೆಲವರಿಗೆ ಕ್ಯಾಲ್ಸಿಯಂ ಗುಳಿಗೆ ಕೊಡುತ್ತಾರೆ. ಈ ವಸ್ತುವನ್ನು ಬೆಳ್ಳಿಯಂತೆ ಕೂಡಿಡಲೂ ಬರುವುದಿಲ್ಲ. ರಕ್ತನಿಧಿಯಲ್ಲಿ ಸಾಮಾನ್ಯವಾಗಿ ಐದು ದಿನ ಇಟ್ಟಾರು, ಅಷ್ಟೂ ಹೊತ್ತು ಅಲುಗಾಡಿಸುತ್ತಲೇ ಇರಬೇಕು. ಬೇಕಾದಾಗ ಬೇಕಾದ ಗುಂಪಿನ ಮನುಷ್ಯ ಎದ್ದು ಬರಬೇಕು. ನಿಮ್ಮ ಹರಕೆಯ ಮಾತು ನಾಲಿಗೆಯ ಮೇಲಿದ್ದ ಹೊತ್ತಿಗೆ, ನೀವು ಒಂಬತ್ತು ವರ್ಷ ಮುಖ ನೋಡದ ಮನೆಯ ಹುಡುಗನೊಬ್ಬ ಬಾಗಿದ ಕುರ್ಚಿಯಲ್ಲಿ ಮುಷ್ಟಿ ಬಿಗಿಯುತ್ತ, ಸಡಿಲಿಸುತ್ತ ಮಲಗಿದ್ದ.

ದೇವರ ಕೃಪೆ ಎಂದು ನೀವು ನಾಲ್ಕು ಕಡೆ ಬರೆದಿದ್ದೀರಿ. ಅದು ಯಾವ ದಾರಿಯಾಗಿ ಬಂತೆಂಬುದು ಮಾತ್ರ ನಿಮಗೆ ಹಿಡಿಸಲಿಲ್ಲ. ಆ ಕೃಪೆ ಕೈಲಾಸದಿಂದ ನೇರವಾಗಿ, ಯಾರ ಹಂಗೂ ಇಲ್ಲದೆ ಇಳಿಯಬೇಕಿತ್ತು. ತಮ್ಮನ ಮನೆಯ ಅಂಗಳ ಹಾಯ್ದು ಬಂದದ್ದು ನಿಮಗೆ ಇರುಸುಮುರುಸು. ಮೂರು ವಾರ ಬಿಟ್ಟು ಆ ಹುಡುಗನಿಗೆ ಪರಿಚಿತರ ಕೈಯಲ್ಲಿ ಐದು ಸಾವಿರ ರೂಪಾಯಿ ಲಕೋಟೆಯಲ್ಲಿ ಕಳುಹಿಸಿದಿರಿ, ಅದು ಮರುದಿನವೇ ಹಿಂದೆ ಬಂತು. ‘ಹಣ ಹಿಂದಿರುಗಿಸಿ ಅವಮಾನ ಮಾಡಿದರು’ ಎಂದು ಬರೆದಿದ್ದೀರಿ. ಕೊಟ್ಟದ್ದಕ್ಕೆ ಬೆಲೆ ಬೇಡವೆಂದರೆ ನಿಮಗೆ ಅವಮಾನವಾಗುತ್ತದೆ! ಒಬ್ಬ ಹುಡುಗ ರಸೀದಿ ಹರಿಯಲಿಲ್ಲವೆಂದು ಇಷ್ಟು ನೊಂದವರು, ವೀರಭದ್ರನಾದರೂ ಬೆಳ್ಳಿ ಸ್ವೀಕರಿಸಿ ಬಾಕಿ ಇಲ್ಲವೆಂಬ ಪತ್ರ ಬರೆದುಕೊಡಲಿ ಎಂದು ಕಾಯುತ್ತಿದ್ದೀರಿ. ಯೋಗ್ಯನಲ್ಲ ಎಂಬ ಮಾತನ್ನು ನಾನು ನಂಬುವುದಿಲ್ಲ. ಯೋಗ್ಯನಲ್ಲವೆಂದು ನಿಜವಾಗಿ ತಿಳಿದವನು ಹುಗ್ಗಿಯ ಡಬ್ಬಿಗೆ ಎರಡೂ ಕೈ ಒಡ್ಡುತ್ತಾನೆ. ತಾನು ತೆತ್ತು ಪಡೆಯುವವನೆಂದು ತಿಳಿದವನು ಮಾತ್ರ ತೆರಲು ಗತಿಯಿಲ್ಲದಾಗ ಊಟ ಬಿಟ್ಟು ಏಳುತ್ತಾನೆ.

ಇಷ್ಟಾದರೂ ನನ್ನ ಸಿಟ್ಟಿನ ದೊಡ್ಡ ಪಾಲು ನಿಮ್ಮ ಮೇಲಿಲ್ಲ, ನಿಮ್ಮ ಭಾವನವರ ಮೇಲಿದೆ. ಅಕ್ಕನ ಯಜಮಾನರು, ಗುಡಿಯ ಕಮಿಟಿಯಲ್ಲಿರುವವರು, ‘ಹರಕೆ ತೀರಿಸದೆ ಆತನ ಮುಖ ನೋಡಬಾರದು, ಮಗುವಿಗೆ ಮತ್ತೆ ತೊಂದರೆಯಾದೀತು’ ಎಂದರಂತೆ. ಜ್ವರದಿಂದ ಎದ್ದ ಮಗುವನ್ನು ಅಡವಿಟ್ಟುಕೊಂಡು ವಸೂಲಿಗೆ ನಿಲ್ಲುವ ಮಾತಿದು. ಜಾತ್ರೆಯಲ್ಲಿ ಧ್ವನಿವರ್ಧಕ ಹಿಡಿದು ಯಾರ ಅಕ್ಕಿ ಎಷ್ಟು, ಯಾರ ಬೆಲ್ಲ ಎಷ್ಟು ಎಂದು ಸಾರುವವರೂ ಇವರೇ ಎಂದು ನೀವು ಬರೆದಿದ್ದೀರಿ. ಈ ಅಂಕಣವನ್ನು ಓದುವವರಿಗೆ ನನ್ನ ಹಳೆಯ ತಕರಾರು ಗೊತ್ತಿದೆ: ಗುಡಿಯ ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು, ಅವರ ತಂದೆಯ ಹೆಸರು, ಊರು ಎಲ್ಲವನ್ನೂ ಕೆಂಪು ಬಣ್ಣದಲ್ಲಿ ಬರೆಸಿ, ಬೆಳಕು ಹೊರಬರಲು ಜಾಗವಿಲ್ಲದಂತೆ ಮಾಡುವುದನ್ನು ನಾನು ಸಹಿಸಲಾರೆ. ಫ್ಯಾನಿನ ರೆಕ್ಕೆಗಳ ಮೇಲೂ ಬರೆಸುತ್ತಾರೆ. ತಿರುಗಿದರೆ ಹೆಸರು ಓದಲಾಗದೆಂದು ಅದನ್ನು ನಿಲ್ಲಿಸಿ ತೋರಿಸಿದ ಮಹನೀಯರೊಬ್ಬರನ್ನು ನಾನೇ ಕಂಡಿದ್ದೇನೆ. ಇಂಥವರ ನಡುವೆ ನಲವತ್ತು ವರ್ಷ ಬದುಕಿದವರಿಗೆ, ಹೆಸರು ಸಾರದ ದಿನ ಪಂಕ್ತಿಯಲ್ಲಿ ಕೂರುವುದು ಕಷ್ಟವೇ. ಅಷ್ಟರ ಮಟ್ಟಿಗೆ ನಿಮ್ಮ ನೋವು ನನಗೆ ಅರ್ಥವಾಗುತ್ತದೆ.

ನೀವು ಶರಣರನ್ನು ಓದಿಕೊಂಡವರು, ಅವರನ್ನೇ ಸಾಕ್ಷಿಗೆ ಕರೆದಿದ್ದೀರಿ. ಬಸವಣ್ಣನವರ ಅಂಗಳದಲ್ಲಿ ಅಕ್ಕಿ ಆಯುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚು ತಂದಾಗ ‘ಈಸಕ್ಕಿಯಾಸೆ ನಿಮಗೇಕೆ’ ಎಂದು ಹೆಂಡತಿ ಲಕ್ಕಮ್ಮ ಹಿಂದೆ ಕಳುಹಿಸಿದಳಲ್ಲ, ನಾನೂ ಹಾಗೆಯೇ ಪರರದ್ದನ್ನು ಬೇಡವೆನ್ನುತ್ತಿದ್ದೇನೆ ಎಂಬುದು ನಿಮ್ಮ ವಾದ. ಆದರೆ ಲಕ್ಕಮ್ಮ ಬೇಡವೆಂದದ್ದು ಹೆಚ್ಚಿಗೆ ಬಂದ ಅಕ್ಕಿಯನ್ನು. ದಿನದಿನದ ಅಕ್ಕಿಯನ್ನು ಮಾರಯ್ಯ ಇನ್ನೊಬ್ಬರ ಅಂಗಳದಲ್ಲಿ, ನೆಲಕ್ಕೆ ಬಾಗಿ, ಕಾಳು ಕಾಳಾಗಿ ಆಯ್ದು ತರುತ್ತಿದ್ದ. ‘ಆಯ್ದಕ್ಕಿ’ ಎಂಬುದು ಆ ದಂಪತಿಯ ಹೆಸರಿಗೇ ಅಂಟಿಕೊಂಡಿತು, ಅದರಿಂದ ಅವರಿಗೆ ನಾಚಿಕೆಯಾದಂತೆ ಕಾಣುವುದಿಲ್ಲ. ಬಾಗಿ ಆಯುವವನ ಕಥೆಯನ್ನು ಬಾಗಿಲು ಹಾಕಿಕೊಂಡು ಕೂತವರು ತಮ್ಮ ಪರವಾಗಿ ಹೇಳಿಕೊಳ್ಳಬಾರದು.

ಬಸವಣ್ಣನವರೂ ನಿಮ್ಮಂತೆಯೇ ಲೆಕ್ಕಪತ್ರ ಬಲ್ಲವರು, 12ನೆಯ ಶತಮಾನದಲ್ಲಿ ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು. ಕೊಟ್ಟದ್ದನ್ನು ಬರೆದಿಡುವುದೇ ವೃತ್ತಿಯಾಗಿದ್ದ ಅವರು ‘ಮಾಡಿದೆನೆಂಬುದು ಮನದಲ್ಲಿ ಹೊಳೆದಡೆ ಏಡಿಸಿ ಕಾಡಿತ್ತು ಶಿವನ ಡಂಗುರ’ ಎಂದರು; ಮಾಡಿದೆನೆಂಬ ಭಾವ ಮನಸ್ಸಿನಲ್ಲಿ ಸುಳಿದರೆ ಅದೇ ಅಣಕಿಸಿ ಕಾಡುತ್ತದೆ ಎಂದು. ಕ್ವಿಂಟಲ್ ಅಕ್ಕಿ ಕೊಟ್ಟ ಅಷ್ಟೂ ವರ್ಷ ನಿಮ್ಮೊಳಗೆ ಸದ್ದಿಲ್ಲದೆ ಕೂತಿದ್ದ ಆ ‘ಮಾಡಿದೆ’ ಈಗ, ಮಾಡಲಾಗದ ವರ್ಷದಲ್ಲಿ, ಎದ್ದು ನಿಮ್ಮನ್ನು ಕಾಡುತ್ತಿದೆ. ಶರಣರು ಹೇಳಿದ ಆರು ಮೆಟ್ಟಿಲುಗಳ ಸಾಧನೆಯಾದ ಷಟ್‌ಸ್ಥಲದ ಕ್ರಮ ನಿಮಗೆ ಬಾಯಿಪಾಠವಾಗಿರಬೇಕು: ಭಕ್ತನಿಗೆ ಶ್ರದ್ಧೆ, ಮಹೇಶನಿಗೆ ನಿಷ್ಠೆ, ಮೂರನೆಯವನಾದ ಪ್ರಸಾದಿಗೆ ಅವಧಾನ. ಶ್ರದ್ಧೆಯಲ್ಲೂ ನಿಷ್ಠೆಯಲ್ಲೂ ನಿಮ್ಮಲ್ಲಿ ಕುಂದು ಹುಡುಕಲಾರೆ. ಆಡಿದ ಮಾತಿಗೆ ಏಳು ತಿಂಗಳು ಕೊರಗುವವರು ಈಗ ಎಷ್ಟು ಜನ ಇದ್ದಾರು? ನೀವು ಅಟಕಾಯಿಸಿಕೊಂಡಿರುವುದು ಮೂರನೆಯ ಮೆಟ್ಟಿಲಲ್ಲಿ. ಪ್ರಸಾದಿ ಎಂದರೆ ಬಂದದ್ದನ್ನು ಸ್ವೀಕರಿಸುವವನು. ಅವನಿಗೆ ಅವಧಾನವನ್ನೇ ಏಕೆ ಹೇಳಿದರೆಂದು ನಾನು ಬಹಳ ದಿನ ಯೋಚಿಸಿದ್ದೇನೆ. ಬಂದದ್ದು ಏನು, ಯಾರ ಕೈಯಿಂದ ಬಂತು ಎಂಬುದರ ಮೇಲೆ ಗಮನವಿಡಬೇಕು ಎಂಬ ಕಾರಣಕ್ಕೇ ಇರಬೇಕೆಂದು ನನಗೆ ತೋರುತ್ತದೆ. ಪಂಡಿತರು ಇನ್ನೂ ಆಳವಾಗಿ ಹೇಳಿಯಾರು, ಹೇಳಲಿ. ನಿಮ್ಮ ಗಮನ ಅಷ್ಟೂ ದಿನ ಬೆಳ್ಳಿಯ ಮೇಲಿತ್ತು. ಕೊಟ್ಟ ಕೈ ಕಂಸದೊಳಗೆ ಉಳಿಯಿತು.

ನಿಮ್ಮ ಮನೆಯವರ ಮಾತೊಂದನ್ನು ನೀವು ಗೇಲಿಯಂತೆ ಉದ್ಧರಿಸಿದ್ದೀರಿ: ‘ದೇವರಿಗೆ ಬೆಳ್ಳಿ ಬೇಕಾಗಿಲ್ಲರೀ, ಒಮ್ಮೆ ಬಂದು ಎದುರಿಗೆ ನಿಂದರ್ರಿ ಸಾಕು.’ ಓದಿಲ್ಲದವಳು, ಭಾವುಕಳು ಎಂದು ಪಕ್ಕದಲ್ಲಿ ಟಿಪ್ಪಣಿ ಬೇರೆ. ಆ ತಾಯಿ ಅಕ್ಕಿ ಕಳುಹಿಸದ ವರ್ಷವೂ ಪಂಕ್ತಿಯಲ್ಲಿ ಕೂತು, ಊರ ಹೆಂಗಸರ ಕಣ್ಣೆದುರು ಉಂಡು, ನಿಮಗೂ ಕಟ್ಟಿಸಿಕೊಂಡು ಬಂದಳು. ಸಂಜೆ ಆ ಡಬ್ಬಿಯನ್ನು ಮೊಮ್ಮಗ ಖಾಲಿ ಮಾಡಿದನೆಂದು ನೀವೇ ಬರೆದಿದ್ದೀರಿ. ಆ ಇಬ್ಬರ ಬಗ್ಗೆ ನನಗೆ ಯಾವ ಚಿಂತೆಯೂ ಇಲ್ಲ.

ತಮ್ಮನ ಪರವಾಗಿ ನಾನು ಮಾತನಾಡುವುದಿಲ್ಲ. ಬಾವಿಯ ವಿಷಯದಲ್ಲಿ ಆತ ನಿಮಗೆ ಅನ್ಯಾಯ ಮಾಡಿರಬಹುದು; ನೀವು ಬರೆದ ವಿವರ ನಿಜವಾದರೆ ಮಾಡಿದ್ದಾನೆ ಎಂದೇ ಹೇಳುತ್ತೇನೆ. ಆ ಲೆಕ್ಕ ಹಾಗೆಯೇ ಇರಲಿ, ಬೇಕಾದರೆ ಮುಂದೊಂದು ದಿನ ಹಿರಿಯರ ಎದುರು ಕೂತು ಬಿಡಿಸಿಕೊಳ್ಳಿ. ನಾನು ಹೇಳುವುದು ಒಂದೇ ಕೆಲಸ, ಅದಕ್ಕೆ ರಿಯಾಯಿತಿ ಇಲ್ಲ. ಬರುವ ಭಾನುವಾರ ಮಧ್ಯಾಹ್ನ, ಊಟದ ಹೊತ್ತಿಗೆ, ನಿಮ್ಮ ಮನೆಯವರೊಂದಿಗೆ ತಮ್ಮನ ಮನೆಗೆ ಹೋಗಿ. ಬರಿಗೈಯಲ್ಲಿ ಹೋಗಿ. ಮಕ್ಕಳಿರುವ ಮನೆಗೆ ಬರಿಗೈಯಲ್ಲಿ ಹೋಗಬಾರದೆಂಬ ರೂಢಿ ನನಗೂ ಗೊತ್ತು, ಬೇರೆ ಯಾರಿಗೂ ನಾನಿದನ್ನು ಹೇಳುವುದಿಲ್ಲ. ಆದರೆ ನಿಮ್ಮ ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು ಇದ್ದರೂ ನೀವು ಕೊಡಲು ಹೋದವರಾಗಿಬಿಡುತ್ತೀರಿ. ಹಣ್ಣು ಬೇಡ, ಪೇಢೆ ಬೇಡ, ಲಕೋಟೆಯಂತೂ ಬೇಡವೇ ಬೇಡ. ಆ ಹುಡುಗ ಮನೆಯಲ್ಲಿದ್ದರೆ ಹತ್ತಿರ ಕರೆದು ಯಾವ ತೋಳಿಗೆ ಸೂಜಿ ಹಾಕಿದ್ದರು ಎಂದು ಕೇಳಿ. ಅಷ್ಟು ಸಾಕು, ಭಾಷಣ ಬೇಡ.

ಅವರ ಮನೆ ಗುಡಿಯ ಹಿಂದಿನ ಓಣಿಯಲ್ಲಿದೆ, ಆದ್ದರಿಂದ ಆ ಕಡೆ ಹೋಗುವುದನ್ನೇ ಬಿಟ್ಟಿದ್ದೇನೆ ಎಂದಿದ್ದೀರಿ. ಬರುವಾಗ ಗುಡಿಗೆ ಹೋಗುತ್ತೀರೋ ನೇರವಾಗಿ ಮನೆಗೆ ಬರುತ್ತೀರೋ ಎಂಬುದನ್ನು ನಾನು ಕೇಳುವುದಿಲ್ಲ, ಅದು ನಿಮಗೂ ವೀರಭದ್ರನಿಗೂ ಬಿಟ್ಟದ್ದು. ಊಟಕ್ಕೆ ಏಳಿ ಎಂದಾಗ ಮಾತ್ರ ‘ಈಗಷ್ಟೇ ಆಯಿತು’ ಎನ್ನಬೇಡಿ. ತಮ್ಮನ ಹೆಂಡತಿ ಎರಡನೆಯ ಸಲ ರೊಟ್ಟಿ ತಂದಾಗ ತಾಟಿನ ಮೇಲೆ ಕೈ ಅಡ್ಡ ಹಿಡಿಯಬೇಡಿ.