ಮೆಕ್ರೆಡಿಯೋ ಡಾರ್ಮೋಯೋ: ಪ್ರಬಂಧಕ್ಕೆ ಯಾರ ಹೆಸರು?
ವಿಮಾನದಿಂದ ಬೆಳೆಗೆ ಮೊದಲು ಔಷಧಿ ಸಿಂಪಡಿಸಿದ್ದು ಮೆಕ್ರೆಡಿ, ಡಾರ್ಮೋಯ್ ಇವರಲ್ಲಿ ಯಾರು, ಪ್ರಬಂಧದಲ್ಲಿ ಯಾರ ಹೆಸರು ಬರೆಯಲಿ ಅಂತ ಕೇಳಿದ್ದೀರಿ. ಇಬ್ಬರೂ ಒಂದೇ ವಿಮಾನದಲ್ಲಿದ್ದರು, ಗೊಂದಲ ಬಹುಶಃ ಅದರಿಂದಲೇ.

ಮೊದಲು ದಿನ, ಊರು ಬರೆಯಿರಿ: 1921ರ ಆಗಸ್ಟ್ 3, ಅಮೆರಿಕದ ಓಹಾಯೋದ ಟ್ರಾಯ್ ಹತ್ತಿರ. ಆಮೇಲೆ ಯಾರು ಯಾವ ಕೆಲಸ ಮಾಡಿದರು ಅಂತ ಬೇರೆ ಬೇರೆಯಾಗಿ ಬರೆಯಿರಿ. ಕರ್ಟಿಸ್ ಜೆನ್ನಿ ವಿಮಾನ ಹಾರಿಸಿದ್ದು ಸೇನೆಯ ಪೈಲಟ್ ಜಾನ್ ಮೆಕ್ರೆಡಿ. ವಿಮಾನದ ಪಕ್ಕಕ್ಕೆ ಕಟ್ಟಿದ, ಔಷಧಿ ಪುಡಿ ತುಂಬುವ ಡಬ್ಬ ಮಾಡಿದ್ದು ಎಟಿಯೆನ್ ಡಾರ್ಮೋಯ್. ಹಿಂದೆ ಕೂತು ಅದರ ಹಿಡಿಕೆ ತಿರುಗಿಸಿದ್ದೂ ಅವರೇ!

ಕೊನೆಗೆ ‘ಬೆಳೆ’, ‘ಸಿಂಪಡಣೆ’ ಎರಡನ್ನೂ ತಿದ್ದಿ. ಅದು ಕಟಾಲ್ಪಾ ಮರಗಳ ತೋಪು. ಎಲೆ ತಿನ್ನುವ ಹುಳಕ್ಕೆ ಲೆಡ್ ಆರ್ಸೆನೇಟ್ ಎಂಬ ಕೀಟನಾಶಕ ಪುಡಿ ಉದುರಿಸಿದ್ದು, ದ್ರವ ಅಲ್ಲ. ‘ಧೂಳೀಕರಣ’ ಅಂದರೆ ಸರಿ.

ಒಂದೇ ಹೆಸರಿಗೆ ಜಾಗವಿದ್ದರೆ ಮೆಕ್ರೆಡಿ ಹಾಕಿ. ಡಾರ್ಮೋಯ್ ಅವರನ್ನು ಬಿಡಲು ನನಗಂತೂ ಮನಸ್ಸಿಲ್ಲ.