ಅಮೆಲ್ ಗಂಡು, ಅನೆರಿ ಹೆಣ್ಣು: ಕಾರ್ನ್ ಸ್ನೇಕ್ ಮರಿಗಳೆಲ್ಲ ಮಾಮೂಲಿ ಬಣ್ಣ ಏಕೆ?

ಕಾರ್ನ್ ಸ್ನೇಕ್ ಎಂಬ ಸಾಕುಹಾವಿನ ಕೆಂಪು ಕಣ್ಣಿನ ಕಿತ್ತಳೆ ಗಂಡನ್ನು ಬೂದು-ಕಪ್ಪು ಹೆಣ್ಣಿನ ಜೊತೆ ಕೂಡಿಸಿದ್ದೀರಿ, 14 ಮರಿಗಳೂ ಮಾಮೂಲಿ ಕಂದುಗೆಂಪು ಬಣ್ಣದಲ್ಲಿ ಹೊರಬಂದಿವೆ, ಸ್ನೋ ಎಂಬ ಬಿಳಿ ಮರಿ ಬೇಕಿತ್ತು, ಮಾರಿದವರು ಮೋಸ ಮಾಡಿದರೇ ಎಂದು ಕೇಳಿದ್ದೀರಿ. ಇಲ್ಲ. ಈ ಜೋಡಿಗೆ ಹುಟ್ಟಬೇಕಾದದ್ದೇ ಹಾಗೆ.

ಗಂಡು ಅಮೆಲ್. ಓಸಿಎ2 ಎಂಬ ಜೀನ್ ಕೆಟ್ಟಿರುವುದರಿಂದ ಅದರ ಮೈಯಲ್ಲಿ ಕಪ್ಪು ಬಣ್ಣ ತಯಾರಾಗುವುದಿಲ್ಲ. ಹೆಣ್ಣು ಅನೆರಿ, ಅದಕ್ಕೆ ಕೆಂಪು ಬರುವುದಿಲ್ಲ. ಕಾರಣ ಬೇರೆಯದೇ ಜೀನ್. ಎರಡೂ ರಿಸೆಸಿವ್, ಅಂದರೆ ತಂದೆ-ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಬಣ್ಣದಲ್ಲಿ ಕಾಣುತ್ತದೆ. ನಿಮ್ಮ ಮರಿಗಳಿಗೆ ಕಪ್ಪಿನ ಸರಿಯಾದ ಪ್ರತಿ ತಾಯಿಯಿಂದ, ಕೆಂಪಿನದು ತಂದೆಯಿಂದ ಸಿಕ್ಕಿದೆ. ನೋಡಲು ಮಾಮೂಲಿ, ಒಳಗೆ ಎರಡಕ್ಕೂ ಹೆಟ್, ಅಂದರೆ ಎರಡರ ಒಂದೊಂದು ಕೆಟ್ಟ ಪ್ರತಿಯನ್ನೂ ಕಾಣದಂತೆ ಹೊತ್ತಿವೆ.

ಒಂದು ವಿಷಯ ಮಾತ್ರ ವಿಚಾರಿಸಿಕೊಳ್ಳಿ. ಹೆಣ್ಣು ಹಾವು ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಉಳಿಸಿಕೊಳ್ಳಬಲ್ಲದು. ನಿಮ್ಮ ಮನೆಗೆ ಬರುವ ಮುಂಚೆ ಅದು ಬೇರೆ ಗಂಡಿನ ಜೊತೆ ಇದ್ದಿದ್ದರೆ ಮರಿಗಳ ತಂದೆ ಆ ಗಂಡೂ ಆಗಿರಬಹುದು. ಆಗ ಅನೆರಿ ಹೆಟ್ ಖಚಿತ, ಅಮೆಲ್ ಹೆಟ್ ಖಚಿತವಲ್ಲ.

ನಿಮಗೆ ಬೇಕಿರುವ ಸ್ನೋ ಅಂದರೆ ಅಮೆಲ್, ಅನೆರಿ ಎರಡೂ ಒಂದೇ ಹಾವಿನಲ್ಲಿ ಕಾಣಿಸಿಕೊಳ್ಳುವುದು. ಈ ಮರಿಗಳನ್ನು ಅಣ್ಣ-ತಂಗಿ ಎಂದು ನೋಡದೆ ಕೂಡಿಸಿದರೆ ಪ್ರತಿ ಮೊಟ್ಟೆಗೂ ಸ್ನೋ ಆಗುವ ಅವಕಾಶ 16ರಲ್ಲಿ 1 ಮಾತ್ರ. 15 ಮೊಟ್ಟೆಯಲ್ಲಿ ಒಂದೂ ಬಾರದಿರಬಹುದು. ಹಾಗೆ ಹುಟ್ಟುವ ಮಾಮೂಲಿ ಮರಿಗಳಲ್ಲಿ ಯಾವುದು ಹೆಟ್ ಎಂದು ಕಣ್ಣಿಗೆ ತಿಳಿಯುವುದೂ ಇಲ್ಲ. ಮಾರುವವರು '66% ಹೆಟ್' ಎಂದು ಬರೆಯುವುದು ಅದಕ್ಕೇ, ಮೂರರಲ್ಲಿ ಎರಡು ಪಾಲು ಸಂಭವ ಅಂತ. ನನ್ನ ಸಲಹೆ: ನಿಮ್ಮ ಒಂದು ಹೆಣ್ಣು ಮರಿಯನ್ನು ಉಳಿಸಿಕೊಂಡು, ಸಂಬಂಧವಿಲ್ಲದ ಸ್ನೋ ಗಂಡನ್ನು ತನ್ನಿ. ಅವಕಾಶ 4ರಲ್ಲಿ 1 ಆಗುತ್ತದೆ, ಒಳಸಂಬಂಧದ ತೊಂದರೆಯೂ ತಪ್ಪುತ್ತದೆ. ಹುಟ್ಟುವ ಮಾಮೂಲಿ ಮರಿಗಳೆಲ್ಲ ಎರಡಕ್ಕೂ ಖಚಿತ ಹೆಟ್.

ತರುವಾಗ ಚಾರ್ಕೋಲ್ ಎಂಬ ಇನ್ನೊಂದು ಬಣ್ಣದ ಹಾವಿನ ಬಗ್ಗೆ ಎಚ್ಚರ. ಮರಿಯಲ್ಲಿ ಅದು ಅನೆರಿಯಂತೆಯೇ ಕಾಣುತ್ತದೆ, ಜೀನ್ ಬೇರೆ. ಅಮೆಲ್ ಜೊತೆ ಚಾರ್ಕೋಲ್ ಸೇರಿದ ಬಿಳಿ ಹಾವು ಬ್ಲಿಝರ್ಡ್. ಅದನ್ನು ಸ್ನೋ ಎಂದು ತಂದು ಕೂಡಿಸಿದರೆ ಅಮೆಲ್ ಮರಿಗಳು ಬಂದಾವು, ಸ್ನೋ ಬಾರದು. ಸಾಮಾನ್ಯವಾಗಿ ಅನೆರಿ, ಸ್ನೋ ಎರಡರಲ್ಲೂ ಬೆಳೆದಂತೆ ಗಂಟಲಿನ ಪಕ್ಕ ಹಳದಿ ಮೂಡುತ್ತದೆ. ಹಾಗಾಗಿ ಬೆಳೆದ ಹಾವನ್ನು, ಸಾಧ್ಯವಾದರೆ ಅದರ ತಂದೆ-ತಾಯಿಯನ್ನೂ ನೋಡಿ ಕೊಳ್ಳಿ.

ಹೆಣ್ಣಿಗೆ 3 ವರ್ಷ, 3 ಅಡಿ, 300 ಗ್ರಾಂ ಆಗುವವರೆಗೆ ಕೂಡಿಸಲೇಬೇಡಿ. ಬೇಗ ಕೂಡಿಸಿದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಹಾವು ಸಾಯಬಹುದು.

ಮೊಟ್ಟೆಗೆ 27-28 ಡಿಗ್ರಿ ಸಾಕು, ಸುಮಾರು 60 ದಿನ. ನಮ್ಮಲ್ಲಿ ಮೊಟ್ಟೆ ಬೀಳುವುದು ಏಪ್ರಿಲ್-ಮೇ ಸೆಕೆಯಲ್ಲೇ, ತಾರಸಿಯ ಕೆಳಗಿನ ಕೋಣೆ ಮಧ್ಯಾಹ್ನ 33 ದಾಟುತ್ತದೆ. ಆ ಶಾಖಕ್ಕೆ ಮರಿಗಳ ಬೆನ್ನುಮೂಳೆ ಸೊಟ್ಟಗಾಗುತ್ತದೆ, ಕೆಲವು ಮೊಟ್ಟೆಯಲ್ಲೇ ಸಾಯುತ್ತವೆ. ಅದನ್ನು ಬಣ್ಣದ ಜೀನಿನ ದೋಷ ಎಂದುಕೊಳ್ಳಬೇಡಿ. ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಲ್ಲಿ ವರ್ಮಿಕ್ಯುಲೈಟ್ (ತೇವ ಹಿಡಿದಿಡುವ ಹಗುರ ಖನಿಜ) ಕೇಳಿ ನೋಡಿ. ತೂಕಕ್ಕೆ ಸಮ ನೀರು ಬೆರೆಸಿ ಡಬ್ಬಿಗೆ ತುಂಬಿ, ಅದರಲ್ಲಿ ಮೊಟ್ಟೆ ಇಟ್ಟು, ಡಬ್ಬಿಯನ್ನು ನೆಲಮಾಳಿಗೆಯ ತಂಪು ಕೋಣೆಯಲ್ಲಿಡಿ. ಮೊಟ್ಟೆಗಳನ್ನು ಬಿದ್ದ ಮಗ್ಗುಲಲ್ಲೇ ಇಡಿ, ತಿರುಗಿಸಬೇಡಿ.