ಗುಟ್ಟು ಬಿಡದೆ ಅನುಭವ ಹಂಚಿಕೊಳ್ಳುವುದು ಹೇಗೆ?

(ಸಾಫ್ಟ್‌ವೇರ್ ಗುಣಮಟ್ಟದ ಕೆಲಸ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ)

ಪ್ರಶ್ನೆ: ನಾನು ಮೈಸೂರಿನ ಹೆಬ್ಬಾಳದಲ್ಲಿರುವ ಸಣ್ಣ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಗುಣಮಟ್ಟ ವಿಭಾಗವನ್ನು ನೋಡಿಕೊಳ್ಳುತ್ತೇನೆ, ವಿಭಾಗವೆಂದರೆ ನಾನೊಬ್ಬಳೇ. ಇದೇ ಕೆಲಸದಲ್ಲಿರುವ ಹತ್ತು ಹನ್ನೆರಡು ಮಂದಿ ತಿಂಗಳಿಗೊಂದು ಶನಿವಾರ ಸೇರುತ್ತೇವೆ. ಆದರೆ ಎಲ್ಲರೂ ತಮ್ಮ ಸಂಸ್ಥೆಯ ಸಾಧನೆಯ ಸ್ಲೈಡುಗಳನ್ನು ತೋರಿಸಿ, ಕಾಫಿ ಕುಡಿದು ಹೊರಡುತ್ತಾರೆ. ನಿಜವಾದ ತೊಂದರೆ ಹೇಳಿಕೊಂಡರೆ ಗೋಪ್ಯತೆಯ ಒಪ್ಪಂದ ಮುರಿದಂತಾಗುತ್ತದೆಂಬ ಭಯ ನನಗೂ ಇದೆ. ಹೀಗೆ ಸೇರುವುದರಿಂದ ಏನು ಪ್ರಯೋಜನ?

ಉತ್ತರ: ಸೇರುವುದನ್ನು ಬಿಡಬೇಡಿ, ಸ್ಲೈಡುಗಳನ್ನು ಬಿಡಿಸಿ. ಗೋಪ್ಯತೆಯ ಒಪ್ಪಂದ ಸಾಮಾನ್ಯವಾಗಿ ಕಾಯುವುದು ಕ್ಲೈಂಟಿನ ಹೆಸರು, ದತ್ತಾಂಶ, ಕೋಡ್, ವ್ಯವಹಾರದ ಲೆಕ್ಕ ಮುಂತಾದವುಗಳನ್ನು. ರಿವ್ಯೂ, ಅಂದರೆ ಒಬ್ಬರು ಬರೆದ ಕೋಡನ್ನು ಇತರರು ಓದಿ ತಪ್ಪು ಹುಡುಕುವ ಕೆಲಸ, ಅವಸರದಲ್ಲಿ ಮುಗಿಯಿತು ಎಂಬುದು ಯಾರ ವ್ಯಾಪಾರದ ಗುಟ್ಟೂ ಅಲ್ಲ. ಆದರೂ ಕೆಲವು ಒಪ್ಪಂದಗಳ ಭಾಷೆ ಬಹಳ ವಿಶಾಲವಾಗಿರುವುದರಿಂದ, ಯಾವ ಬಗೆಯ ವಿಷಯವನ್ನು ಹೊರಗೆ ಚರ್ಚಿಸಬಹುದೆಂದು ನಿಮ್ಮ ಸಂಸ್ಥೆಯಿಂದ ಮೊದಲೇ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಕೆಲವು ವರ್ಷಗಳ ಹಿಂದೆ ಸರಸ್ವತಿಪುರಂನ ಒಂದು ಮನೆಯ ಹಜಾರದಲ್ಲಿ ನಾವು ಸೇರಿದ್ದಾಗ, ಒಬ್ಬ ಯುವಕ ಸಂಸ್ಥೆಯ ಹೆಸರನ್ನು ಕಪ್ಪು ಶಾಯಿಯಿಂದ ಅಳಿಸಿದ್ದ ಒಂದೇ ಒಂದು ಹಾಳೆಯನ್ನು ತಂದಿದ್ದರು. ಅದು ಕೋಡ್ ರಿವ್ಯೂವಿನ ದಾಖಲೆ: 1,200 ಸಾಲು ಕೋಡ್, ನಾಲ್ವರು ಪರಿಶೀಲಕರು, 40 ನಿಮಿಷ, ಕಂಡುಬಂದ ದೋಷ ಸೊನ್ನೆ. ಜೊತೆಗಿದ್ದ ಚೆಕ್‌ಲಿಸ್ಟಿನ ಅರವತ್ತು ಅಂಶಗಳಿಗೆ ಅರವತ್ತು ಗುರುತುಗಳಿರಲಿಲ್ಲ. ಮೇಲಿಂದ ಕೆಳಗಿನವರೆಗೆ ಬಾಲ್‌ಪೆನ್ನಿನಿಂದ ಎಳೆದ ಒಂದು ಗೆರೆಯಿತ್ತು. ಆ ತಂತ್ರಾಂಶ ಫೆಬ್ರವರಿ 29ರಂದು ಕಂತಿನ ದಿನಾಂಕವನ್ನು ತಪ್ಪಾಗಿ ಲೆಕ್ಕ ಹಾಕಿತ್ತು. ಅಧಿಕ ವರ್ಷವನ್ನು ಪರೀಕ್ಷಿಸಿದ್ದೀರಾ ಎಂಬ ಪ್ರಶ್ನೆ ಅದೇ ಚೆಕ್‌ಲಿಸ್ಟಿನಲ್ಲಿತ್ತು, ಗೆರೆ ಅದರ ಮೇಲೂ ಹಾದುಹೋಗಿತ್ತು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿರಿಯರೊಬ್ಬರು, "ನಮ್ಮಲ್ಲೂ ಹೀಗೇ ಗೆರೆ ಎಳೀತಾರೆ ಕಣಪ್ಪ" ಎಂದರು. ಅಲ್ಲಿಂದ ಎರಡು ತಾಸು ಮಾತು ನಿಲ್ಲಲಿಲ್ಲ. ಕೋಡ್ ರಿವ್ಯೂವಿನ ಕ್ರಮಬದ್ಧ ವಿಧಾನವನ್ನು ಐಬಿಎಂನ ಮೈಕೇಲ್ ಫೇಗನ್ 1976ರಲ್ಲೇ ಪ್ರಕಟಿಸಿದ್ದರು. ತಾಸಿಗೆ 200 ಸಾಲು ದಾಟಬಾರದೆಂದು ಸಾಫ್ಟ್‌ವೇರ್ ಗುಣಮಟ್ಟದ ತಜ್ಞ ವಾಟ್ಸ್ ಹಂಫ್ರಿ ಸಲಹೆ ಮಾಡಿದ್ದರು. ಆ ಲೆಕ್ಕದಲ್ಲಿ 1,200 ಸಾಲಿಗೆ ಆರು ತಾಸು ಬೇಕು. ಇವೆಲ್ಲ ನಮಗೆ ಗೊತ್ತಿಲ್ಲದ್ದೇನಲ್ಲ, ಆದರೆ ಆ ಗೆರೆಯನ್ನು ಕಣ್ಣಾರೆ ಕಂಡ ಮೇಲಷ್ಟೇ ನಮ್ಮಲ್ಲಿ ಇಬ್ಬರು ತಮ್ಮ ಸಂಸ್ಥೆಗೆ ಹಿಂತಿರುಗಿ, ಚೆಕ್‌ಲಿಸ್ಟನ್ನು ಹಿಂದಿನ ವರ್ಷ ತಮ್ಮಲ್ಲೇ ಸಿಕ್ಕಿದ ದೋಷಗಳ ಆಧಾರದ ಮೇಲೆ ಒಂಬತ್ತು ಪ್ರಶ್ನೆಗಳಿಗೆ ಇಳಿಸಿದರು. ಕ್ಲೈಂಟ್ ಯಾರೆಂಬುದು ಇವತ್ತಿಗೂ ನಮಗೆ ತಿಳಿಯದು, ತಿಳಿಯಬೇಕಾದ ಅಗತ್ಯವೂ ಬೀಳಲಿಲ್ಲ.

ನಿಮ್ಮ ಕೂಟಕ್ಕೂ ಒಂದು ಕಟ್ಟುಪಾಡು ಬೇಕು. ಲಂಡನ್ನಿನ ಅಂತರರಾಷ್ಟ್ರೀಯ ವ್ಯವಹಾರಗಳ ಅಧ್ಯಯನ ಸಂಸ್ಥೆ ಚಾಟಮ್ ಹೌಸ್ 1927ರಲ್ಲಿ ರೂಪಿಸಿದ ನಿಯಮ ಇದಕ್ಕೆ ಹೇಳಿ ಮಾಡಿಸಿದಂತಿದೆ: ಸಭೆಯಲ್ಲಿ ಕೇಳಿದ್ದನ್ನು ಬಳಸಿಕೊಳ್ಳಬಹುದು, ಹೇಳಿದವರು ಯಾರು, ಯಾವ ಸಂಸ್ಥೆಯವರು ಎಂಬುದನ್ನು ಮಾತ್ರ ಹೊರಗೆಡಹಬಾರದು. ಟೂಲ್ ಮಾರಲು ಬರುವವರನ್ನು ವಿನಯದಿಂದ ದೂರವಿಡಿ. ಸಾವಿರ ಸಾಲಿಗೆ ಎಷ್ಟು ದೋಷ ಎಂದು ಸಂಸ್ಥೆ ಸಂಸ್ಥೆಗಳ ನಡುವೆ ಹೋಲಿಸುವ ಪಂದ್ಯವನ್ನೂ ಆರಂಭಿಸಬೇಡಿ, ಏಕೆಂದರೆ ದೋಷವೆಂದರೇನು, ಸಾಲೆಂದರೇನು ಎಂಬುದನ್ನು ಒಬ್ಬೊಬ್ಬರೂ ಒಂದೊಂದು ಬಗೆಯಲ್ಲಿ ಎಣಿಸುತ್ತಾರೆ.

ಸ್ಲೈಡುಗಳ ಚಾಳಿಗೆ ಒಂದು ಇತಿಹಾಸವೂ ಇದೆ. ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಂಸ್ಥೆ 1991ರಲ್ಲಿ ಸಾಫ್ಟ್‌ವೇರ್ ಸಂಸ್ಥೆಯ ಕೆಲಸದ ಕ್ರಮ ಎಷ್ಟು ಪಕ್ವವಾಗಿದೆ ಎಂದು ಅಳೆಯುವ, ಸಿಎಂಎಂ ಎಂಬ ಐದು ಹಂತಗಳ ಮಾದರಿಯನ್ನು ಹೊರತಂದಿತು. ಅದರ ಜೊತೆಗೇ ಊರೂರಿನಲ್ಲಿ ಕೆಲಸಗಾರರು ಸೇರಿ ಅನುಭವ ಹಂಚಿಕೊಳ್ಳುವ 'ಸ್ಪಿನ್' ಎಂಬ ಬಳಗಗಳೂ ಬೆಳೆದವು, ಬೆಂಗಳೂರಿನಲ್ಲಿಯೂ ಒಂದು ಹುಟ್ಟಿತು. ಆದರೆ ವಿದೇಶಿ ಗ್ರಾಹಕರು ಐದನೇ ಹಂತದ ಪ್ರಮಾಣವನ್ನು ಕೇಳತೊಡಗಿದ ಮೇಲೆ ಹಂತವೆನ್ನುವುದು ವ್ಯಾಪಾರದ ಫಲಕವಾಯಿತು, ಫಲಕ ಹಿಡಿದವರಿಗೆ ಹುಳುಕು ಹೇಳಿಕೊಳ್ಳುವುದು ಕಷ್ಟವಾಯಿತು. ವಿಪರ್ಯಾಸವೆಂದರೆ, ಆ ಮಾದರಿಯ ಐದನೇ ಹಂತದಲ್ಲಿ ಕೇಳಿದ್ದೇ ದೋಷಗಳ ಮೂಲ ಕಾರಣವನ್ನು ಹುಡುಕಿ ತಡೆಯುವುದನ್ನು.

ಪ್ರಶ್ನೆ: ಪ್ರತಿ ಪ್ರಾಜೆಕ್ಟ್ ಮುಗಿದ ಮೇಲೆ 'ಕಲಿತ ಪಾಠಗಳು' ಎಂಬ ಕಡತವನ್ನು ಬರೆದಿಡುತ್ತೇವೆ. ಆಡಿಟ್ ಬಂದಾಗ ತೆರೆಯುತ್ತೇವೆ, ಉಳಿದಂತೆ ಯಾರೂ ಓದುವುದಿಲ್ಲ. ಓದಿಸುವುದು ಹೇಗೆ? (ಮಂಡ್ಯದಿಂದ)

ಉತ್ತರ: ನೀವು ಮಂಡ್ಯದವರಾದ್ದರಿಂದ ಆಲೆಮನೆಯ ಮಾತಿನಿಂದಲೇ ಹೇಳುತ್ತೇನೆ. ಬೆಲ್ಲದ ಪಾಕ ಸುಮಾರು 118 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಒಲೆಯಿಂದ ಇಳಿಸಬೇಕೆಂದು ಬರೆದು ಗೋಡೆಗೆ ಅಂಟಿಸಬಹುದು. ಆದರೂ ಕೊಪ್ಪರಿಗೆಯ ಮುಂದೆ ನಿಂತವರು ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ನೋಡಿಯೇ ಹದ ನಿರ್ಧರಿಸುತ್ತಾರೆ. ಕಬ್ಬು ಚೌಳು ನೆಲದ್ದೋ ಒಳ್ಳೆಯ ನೆಲದ್ದೋ ಎಂಬುದನ್ನೂ ಕೇಳುತ್ತಾರೆ, ಏಕೆಂದರೆ ಚೌಳು ನೆಲದ ಕಬ್ಬಿನ ಬೆಲ್ಲ ಗಟ್ಟಿ ಕಟ್ಟುವುದು ಕಷ್ಟ. ನಿಮ್ಮ ಕಡತದಲ್ಲಿ 118 ಇದೆ, ಕಬ್ಬು ಯಾವ ನೆಲದ್ದೆಂಬುದಿಲ್ಲ. "ಅವಶ್ಯಕತೆಗಳನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು" ಎಂಬ ವಾಕ್ಯ ಎಲ್ಲ ಪ್ರಾಜೆಕ್ಟುಗಳ ಕಡತದಲ್ಲೂ ಇರುತ್ತದೆ, ಆದ್ದರಿಂದ ಯಾರಿಗೂ ಉಪಯೋಗವಿಲ್ಲ. ಯಾವ ಅವಶ್ಯಕತೆ, ಯಾರು ಯಾವ ವಾರ ಬದಲಿಸಿದರು, ನಿಮಗೆ ಏಕೆ ತಡವಾಗಿ ತಿಳಿಯಿತು ಎಂಬುದನ್ನು ಬರೆಯಿರಿ.

ಓದಿಸುವ ಗೋಜಿಗೆ ಹೋಗದೆ, ಪಾಠವನ್ನು ಮುಂದಿನವರ ಕೈ ತಾಗುವಲ್ಲಿ ಇಡಿ: ಅಂದಾಜು ಹಾಕುವ ಹಾಳೆಯಲ್ಲಿ ಒಂದು ಹೊಸ ಸಾಲಾಗಿ, ರಿವ್ಯೂ ಚೆಕ್‌ಲಿಸ್ಟಿನಲ್ಲಿ ಒಂದು ಪ್ರಶ್ನೆಯಾಗಿ. ಹೊಸದೊಂದು ಸೇರಿದಾಗ ಹಳೆಯದೊಂದನ್ನು ತೆಗೆಯಿರಿ, ಇಲ್ಲವಾದರೆ ಮತ್ತೆ ಅರವತ್ತಕ್ಕೆ ಬೆಳೆಯುತ್ತದೆ. ಮತ್ತು ಹೊಸ ಪ್ರಾಜೆಕ್ಟಿನ ಮೊದಲ ಸಭೆಗೆ, ಅಂಥದ್ದೇ ಕೆಲಸ ಮಾಡಿ ಪೆಟ್ಟು ತಿಂದವರೊಬ್ಬರನ್ನು ಅರ್ಧ ತಾಸು ಕರೆಸಿ. ಹದ ಕಾಗದಕ್ಕಿಂತ ಹೆಚ್ಚಾಗಿ ಬಾಯಿಂದ ಬಾಯಿಗೆ ಸಾಗುತ್ತದೆ.

ಪ್ರಶ್ನೆ: ಮಂಡ್ಯದಲ್ಲಿ ಅಂತಿಮ ವರ್ಷದ ಎಂಜಿನಿಯರಿಂಗ್ ಓದುತ್ತಿದ್ದೇನೆ. ಸಾಫ್ಟ್‌ವೇರ್ ಟೆಸ್ಟಿಂಗ್‌ನ ಅಂತರರಾಷ್ಟ್ರೀಯ ಪ್ರಮಾಣಪತ್ರಕ್ಕಾಗಿ ಇರುವ ಐಎಸ್‌ಟಿಕ್ಯೂಬಿ ಪರೀಕ್ಷೆ ಬರೆದರೆ ಸಾಕೇ, ಅಥವಾ ಇಂಥ ಕೂಟಗಳಿಗೂ ಬರಬಹುದೇ?

ಉತ್ತರ: ಬುನಾದಿ ಮಟ್ಟದ ಪರೀಕ್ಷೆಯಲ್ಲಿ 60 ನಿಮಿಷಕ್ಕೆ 40 ಪ್ರಶ್ನೆಗಳಿರುತ್ತವೆ, 26 ಅಂಕ ಬಂದರೆ ತೇರ್ಗಡೆ. ಟೆಸ್ಟಿಂಗ್‌ನ ಪರಿಭಾಷೆ ಒಂದೇ ಬಗೆಯಲ್ಲಿ ಕಲಿಯಲು ಅದು ಒಳ್ಳೆಯದು, ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಬೇಡಿ. ಕೂಟಕ್ಕೆ ಖಂಡಿತ ಬನ್ನಿ. ಬರುವಾಗ ನಿಮ್ಮ ಕಾಲೇಜು ಪ್ರಾಜೆಕ್ಟಿನಲ್ಲಿ ಸಿಕ್ಕಿದ ಒಂದು ದೋಷವನ್ನು, ಅದು ಅಷ್ಟು ದಿನ ಕಣ್ತಪ್ಪಿಸಿಕೊಂಡಿದ್ದು ಹೇಗೆಂಬುದನ್ನು ಒಂದು ಹಾಳೆಯಲ್ಲಿ ಬರೆದು ತನ್ನಿ. ನಿಮಗೆ ಯಾವ ಗೋಪ್ಯತೆಯ ಒಪ್ಪಂದವೂ ಇಲ್ಲದಿರುವುದರಿಂದ, ಅಂದು ಮೊದಲು ಮಾತಾಡುವವರು ನೀವೇ ಆಗಬಹುದು.